ಉಣ್ಣಿಯ ಔಷಧ

ಕುರಿಯ ಮೈಮೇಲಿನ ಉಣ್ಣಿ ಸಾಯಲೆಂದು ಹಚ್ಚುವ ಔಷಧ ಹೊಟ್ಟೆಗೆ ಹೋಗಿ, ಕುರಿಗಾರ ಆಸ್ಪತ್ರೆಯ ಮಂಚದ ಮೇಲೆ ಮಂಪರಿನಲ್ಲಿ ಬಿದ್ದಿದ್ದ. ಪಕ್ಕದಲ್ಲೇ ಹವಾಲ್ದಾರ ಪೆನ್ನು ಹಿಡಿದು ನಿಂತಿದ್ದ.

“ಸಾಯಬೇಕಂತ ಕುಡಿದಾನ ಅಂತ ಬರಕೋತೀನಿ. ಹೆಬ್ಬೆಟ್ಟು ಒತ್ತವ್ವ.”

ಲಕ್ಕವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ಒತ್ತಂಗಿಲ್ರಿ. ದೇವರು ಕೊಟ್ಟ ಉಸಿರನ್ನ ತಾನಾಗೇ ಚೆಲ್ಲೋ ಮನುಷ್ಯ ಅಲ್ಲ ನನ್ನ ಗಂಡ.”

“ತಪ್ಪಿ ಕುಡಿಯಾಕ ಅದೇನ ಮಜ್ಜಿಗೇನ?”

“ಅದು ನನಗೂ ತಿಳೀವಲ್ದು. ಆದರ ಸುಳ್ಳು ಬರಿಯಾಕ ಬಿಡಂಗಿಲ್ಲ.”

ಡಾಕ್ಟರಮ್ಮ ನಾಡಿ ಹಿಡಿದು ನೋಡಿದರು. “ನಿಮಿಷಕ್ಕೆ ನಲವತ್ತೈದೇ ಬಡಿತ. ಗುಂಡಿಗೆಯನ್ನ ಚುರುಕಾಗಿಡೋ ನರಗಳ ಸಂದೇಶವನ್ನೇ ಈ ಔಷಧ ಅಡಗಿಸಿಬಿಡುತ್ತೆ. ಕುರಿಗೂ ಅಷ್ಟೇ, ಮನುಷ್ಯನಿಗೂ ಅಷ್ಟೇ. ಪುಣ್ಯಕ್ಕೆ ಒಂದೇ ಗುಟುಕು ಒಳಗೆ ಹೋಗಿದೆ. ಅದರ ಅಮಲು ಇಳಿದ ಮೇಲೆ ಎಚ್ಚರಾಗ್ತಾನೆ.”

“ಹಂಗಾರ ಕಾಯ್ರಿ,” ಎಂದು ಲಕ್ಕವ್ವ ಬಾಗಿಲಿಗೆ ಅಡ್ಡಲಾಗಿ ಕೂತೇಬಿಟ್ಟಳು. “ಅವರ ಬಾಯಿಂದಲೇ ಕೇಳಿ ಬರಕೊಂಡು ಹೋಗ್ರಿ.”

ಹವಾಲ್ದಾರ ಗದರಿಸಿದ, ಗೋಗರೆದ, ಕೊನೆಗೆ ಅವಳೆದುರೇ ಸ್ಟೂಲು ಎಳೆದುಕೊಂಡು ಕುಳಿತ. ಹೊತ್ತು ಇಳಿಯುವಾಗ ಕುರಿಗಾರ ಕಣ್ಣು ಬಿಟ್ಟ.

“ಯಾಕ ಕುಡಿದೆಪಾ?” ಎಂದ ಹವಾಲ್ದಾರ.

ಕುರಿಗಾರನ ಕಿವಿಗೆ ಅವನ ಮಾತೇ ಬಿದ್ದಂತಿರಲಿಲ್ಲ. ಹೆಂಡತಿಯ ಕೈಯನ್ನು ಗಾಬರಿಯಿಂದ ಹಿಡಿದುಕೊಂಡ.

“ಲೇ, ಕುರಿಗೆ ಹಚ್ಚಿಬಿಟ್ಟಿಯೇನ? ಬ್ಯಾಡ. ಮೊದಲ ನಾನಽ ಒಂದು ಗುಟುಕು ಕುಡಿದು ನೋಡಿದೆ, ನನಗಽ ತಡೀಲಿಲ್ಲ. ಆ ಮೂಕಜೀವಕ್ಕ ಹೆಂಗ ತಡೀತೈತಿ?”