ಮಚ್ಚೆ ಇಲ್ಲದ ಮುಖ

ಪ್ರಿಂಟರಿನಿಂದ ಆ ಮುಖ ಅರ್ಧ ಹೊರಬರುವಷ್ಟರಲ್ಲೇ ಫೋಟೋ ಸ್ಟುಡಿಯೋದವನು ಅದರ ಗುರುತು ಹಿಡಿದ. ಹೆಂಗಸರಿಗೆ ಕಾರು ಕಲಿಸುವ ಟೀಚರಮ್ಮನ ಫೋಟೋ, ಸುತ್ತ ಕೆಂಪು ಗೆರೆ, ಕೆಳಗೆ ಅವಳ ಫೋನ್ ನಂಬರು. ‘ನಮ್ಮ ಮನೆ ಹೆಣ್ಣುಗಳನ್ನು ಬೀದಿಗೆಳೆಯುವವಳು ಇವಳೇ, ಬುದ್ಧಿ ಕಲಿಸಿ’ ಎಂದು ಸಂಸ್ಕೃತಿ ಕಾಯುವುದಾಗಿ ಎದೆ ತಟ್ಟಿಕೊಳ್ಳುವ ಗುಂಪೊಂದು ಅದನ್ನು ಊರೆಲ್ಲರ ಮೊಬೈಲಿಗೆ ಹಂಚಿತ್ತು. ಪೊಲೀಸರಿಗೆ ಕೊಡಲು ಪ್ರತಿ ಬೇಕೆಂದು ಅವಳೇ ಬಂದು ಎದುರಿಗೆ ಕೂತಿದ್ದಳು.

ಹೋದ ವರ್ಷ ಲೈಸೆನ್ಸಿಗೆಂದು ಈ ಫೋಟೋ ತೆಗೆದವನು ಅವನೇ. ಅವಳಿಗೆ ಇದ್ದದ್ದು ಇದ್ದಂತೆ ಕೊಟ್ಟು, ತನ್ನ ಕೈಚಳಕ ತೋರಿಸಲು ಗಲ್ಲದ ಮಚ್ಚೆ ಅಳಿಸಿದ ಇನ್ನೊಂದನ್ನು ಸ್ಟುಡಿಯೋದ ಫೇಸ್‌ಬುಕ್ ಪೇಜಿಗೆ ಹಾಕಿದ್ದ. ಹೆಸರು, ಕೆಲಸದ ಸಮೇತ. ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಈಗ ಮೇಜಿನ ಕೆಳಗೆ ಮೊಬೈಲಿನಲ್ಲಿ ಆ ಪೇಜನ್ನೇ ತೆರೆದ.

“ನಾನಂತೂ ಎಲ್ಲೂ ಫೋಟೋ ಹಾಕಿಲ್ಲಣ್ಣ. ತಮ್ಮನೇ ಕೊಟ್ಟಿರಬೇಕು. ನಾನು ಕಾರು ಕಲಿಸೋದು ಅವನಿಗೆ ಮೊದಲಿಂದಲೂ ಆಗಿಬರಲ್ಲ. ಬೆಳಗ್ಗೆ ಬಾಗಿಲಲ್ಲಿ ನಿಂತು ‘ನಾನಲ್ಲ’ ಅಂತ ಅತ್ತ, ನಾನು ಒಳಗೆ ಕರೀಲಿಲ್ಲ.” ಅವಳು ಕಾಗದದ ಮೇಲಿನ ಗಲ್ಲವನ್ನು ಬೆರಳಲ್ಲಿ ಸವರಿದಳು. “ನೋಡಿ, ಹಾಳಾದೋರು ನನ್ನ ಮಚ್ಚೇನೂ ಬಿಟ್ಟಿಲ್ಲ.”

ಅವನ ಹೆಬ್ಬೆರಳು ಡಿಲೀಟ್ ಬಳಿಗೆ ಬಂತು. ಒಂದು ಸಲ ಒತ್ತಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒತ್ತಲಿಲ್ಲ. ಮೊಬೈಲನ್ನು ಮೇಜಿನ ಮೇಲಿಟ್ಟು ಅವಳ ಕಡೆಗೆ ತಿರುಗಿಸಿದ.

“ಮಚ್ಚೆ ಅಳಿಸಿದ್ದು ಅವರಲ್ಲಮ್ಮ, ನಾನು. ಮೊದಲು ನಿಮ್ಮ ತಮ್ಮನಿಗೆ ಫೋನ್ ಮಾಡಿ.”