ಎಡಗಡೆಯ ಬಾಗಿಲು

"ಆ ಬಾಗಿಲಲ್ಲಿ ಚೀಲ ಬಿಚ್ಚಿ ನೋಡೋದೇ ಇಲ್ವಾ, ಮೇಷ್ಟ್ರೇ?"

ಓಪಲ್ ಡೆನಿಸ್ಟನ್ ಈ ಪ್ರಶ್ನೆ ಕೇಳಿದ್ದು ಇದು ಎರಡನೇ ಸಲ. ವರ್ಲ್ ಹ್ಯಾಸ್ಕೆಟ್ ಕಪ್ಪುಹಲಗೆ ಒರೆಸುವುದನ್ನು ನಿಲ್ಲಿಸಿ ಆಕೆಯತ್ತ ನೋಡಿದ. ಅರವತ್ತೆಂಟು ವರ್ಷ. ಇಸ್ತ್ರಿ ಮಾಡಿದ ಕಾಲರು. ತೊಡೆಯ ಮೇಲೆ ಕಂದು ಬಣ್ಣದ ಕೈಚೀಲ.

"ಇಲ್ಲ ಮೇಡಂ. ಶಾಸನಭವನದ ಎಡಗಡೆ ಬಾಗಿಲಲ್ಲಿ ಪರವಾನಗಿ ಕಾರ್ಡ್ ತೋರಿಸಿದ್ರೆ ಸಾಕು. ಪಿಸ್ತೂಲು ಇರುತ್ತೆ ಅಂತ ಗೊತ್ತಿದ್ದ ಮೇಲೆ ಹುಡುಕೋದೇನು?"

"ಬಲಗಡೆ ಬಾಗಿಲಲ್ಲಿ?"

"ಅದು ಉಳಿದೋರಿಗೆ. ಬೆಲ್ಟು ಬಿಚ್ಚು, ಬೂಟು ಬಿಚ್ಚು, ಯಂತ್ರದೊಳಗೆ ನಡಿ. ಮುಕ್ಕಾಲು ಗಂಟೆ ಸಾಲು. ಎರಡೂ ತೆಗೆಯೋದು ಏಳಕ್ಕೇ."

ಆಕೆ ಏಳು ಎಂದು ಬರೆದುಕೊಂಡಳು.

ಪಶು ಆಹಾರದ ಅಂಗಡಿಯ ಹಿಂದಿನ ಕೋಣೆಯಲ್ಲಿ ಹ್ಯಾಸ್ಕೆಟ್ ಹತ್ತೊಂಬತ್ತು ವರ್ಷಗಳಿಂದ ಶನಿವಾರದ ತರಗತಿ ನಡೆಸುತ್ತಿದ್ದ. ಪಿಸ್ತೂಲನ್ನು ಮರೆಮಾಡಿ ಒಯ್ಯಬಯಸುವವರು ಅಲ್ಲಿ ಎಂಟು ಗಂಟೆ ಕೂತು, ಗುರಿಯ ಪರೀಕ್ಷೆ ಪಾಸಾದರೇ ಕಾರ್ಡ್. ಆ ಚಳಿಗಾಲ ಸೆನೆಟರ್ ರಾಯ್ಸ್ ಕಲ್ಪೆಪರ್ ತನ್ನ ಮಸೂದೆಯನ್ನು ಮತ್ತೆ ತಂದಿದ್ದ: ತರಗತಿ ಬೇಡ, ಪರೀಕ್ಷೆ ಬೇಡ, ಕಾರ್ಡೂ ಬೇಡ. ಬೇಕಾದವರು ಕೋಟಿನೊಳಗೆ ಇಟ್ಟುಕೊಂಡು ತಿರುಗಲಿ. ಎರಡು ಅಧಿವೇಶನಗಳಲ್ಲಿ ಕೂದಲೆಳೆಯಲ್ಲಿ ಸೋತಿದ್ದ ಮಸೂದೆ ಈ ಸಲ ಪಾಸಾಗುವುದು ಖಚಿತ ಎಂದು ಎಲ್ಲರೂ ಹೇಳುತ್ತಿದ್ದರು. ತರಗತಿಗೆ ಬಂದವರು ಇಬ್ಬರೇ. ಓಪಲ್, ಮತ್ತು ಹಂದಿ ಸಾಕುವ ಡ್ವೇನ್.

"ಯಾವ ಪಿಸ್ತೂಲು ತಗೊಂಡಿದ್ದೀರಿ, ಮೇಡಂ?"

"ಇನ್ನೂ ಇಲ್ಲ. ಮೊದ್ಲು ಕಾರ್ಡ್ ಬರ್ಲಿ."

ಹತ್ತೊಂಬತ್ತು ವರ್ಷಗಳಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ಗುರಿಯ ಪರೀಕ್ಷೆಗೆ ಹ್ಯಾಸ್ಕೆಟ್ ತನ್ನದನ್ನೇ ಕೊಟ್ಟ. ಇಪ್ಪತ್ತೈದು ಗುಂಡುಗಳಲ್ಲಿ ಇಪ್ಪತ್ನಾಲ್ಕು ಗುರಿಗೆ ಬಿದ್ದವು.

"ಅಬ್ಬಬ್ಬಾ ಅಜ್ಜಿ!" ಎಂದ ಡ್ವೇನ್. "ನಿಮ್ಮನೆಗೆ ನುಗ್ಗೋ ಕಳ್ಳನ್ನ ನೆನೆಸ್ಕೊಂಡ್ರೆ ನಂಗೇ ಅಯ್ಯೋ ಪಾಪ ಅನ್ಸುತ್ತೆ."

"ಕಳ್ಳ ಯಾಕಪ್ಪಾ ಬರ್ತಾನೆ? ಕಳ್ಕೊಳ್ಳೋಕೆ ನನ್ನ ಹತ್ರ ಇದ್ದದ್ದು ಒಂದೇ. ಅದು ಹೋಗಿ ಮೂರು ವರ್ಷ ಆಯ್ತು."

ಹ್ಯಾಸ್ಕೆಟ್‌ಗೆ ಆಗ ನೆನಪಾಯಿತು. ಕೋಲ್ಬಿ ಡೆನಿಸ್ಟನ್, ಆಕೆಯ ಮಗ. ಬೌಲಿಂಗ್ ಆಟದ ಮನೆಯಲ್ಲಿ ಪಕ್ಕದವನ ಜಾಕೆಟ್ ಜೇಬಿನಿಂದ ಪಿಸ್ತೂಲು ನೆಲಕ್ಕೆ ಬಿದ್ದು ಹಾರಿದ ಗುಂಡು ಕೋಲ್ಬಿಗೆ ತಗುಲಿತ್ತು. ಬೀಳಿಸಿದವನು ಯಾವ ತರಗತಿಯಲ್ಲೂ ಕೂತವನಲ್ಲ. ಮರುವಾರ ಕಲ್ಪೆಪರ್ ಟಿವಿಯಲ್ಲಿ ಹೇಳಿದ್ದ: ಆ ಸಾವಿಗೂ ತರಬೇತಿಗೂ ಸಂಬಂಧವಿಲ್ಲ.

ಹ್ಯಾಸ್ಕೆಟ್ ಪ್ರಮಾಣಪತ್ರಕ್ಕೆ ಸಹಿ ಹಾಕಿದ. ಗುರಿ ಚೆನ್ನಾಗಿದೆ, ಪ್ರಶ್ನೆಗಳು ಚೆನ್ನಾಗಿಲ್ಲ ಎಂದು ಬರೆಯಲು ಅದರಲ್ಲಿ ಜಾಗವಿರಲಿಲ್ಲ.

ಹೊರಡುವಾಗ ಓಪಲ್ ಬಾಗಿಲಲ್ಲಿ ತಿರುಗಿದಳು. "ಮೂರನೇ ಮಹಡಿಗೆ ಲಿಫ್ಟ್ ಬೇಗವೋ, ಮೆಟ್ಟಿಲೋ?"

"ಯಾಕೆ ಮೇಡಂ?"

"ಎರಡು ಸಲ ಹೋಗಿದ್ದೆ. ಎರಡು ಸಲವೂ ತಡ ಆಯ್ತು. ಈ ಸಲ ಕಲ್ಪೆಪರ್ ಸಾಹೇಬ್ರ ಎದುರಿಗೇ ನಿಲ್ಬೇಕು."

ಆರು ವಾರಗಳ ನಂತರ, ಮಸೂದೆಯ ಸಾರ್ವಜನಿಕ ವಿಚಾರಣೆಯ ದಿನ, ಹ್ಯಾಸ್ಕೆಟ್ ಬೆಳಗಾಗುವ ಮೊದಲೇ ತನ್ನ ಪಿಕಪ್ ಹತ್ತಿ ರಾಜಧಾನಿಗೆ ಹೊರಟ. ಪೊಲೀಸರಿಗೆ ಫೋನ್ ಮಾಡೋಣವೆಂದುಕೊಂಡು ಬಿಟ್ಟಿದ್ದ. ಹೇಳುವುದೇನು? ಪರವಾನಗಿ ಇರುವ ಮುದುಕಿಯೊಬ್ಬಳು ಪರವಾನಗಿ ಇರುವವರ ಬಾಗಿಲಿನಿಂದ ಹೋಗುತ್ತಾಳೆ ಎಂದೇ?

ಬಲಗಡೆಯ ಸಾಲು ಆಗಲೇ ಕಟ್ಟಡದ ಮೂಲೆ ದಾಟಿತ್ತು. ಮಸೂದೆ ಬೇಡವೆಂಬ ಫಲಕ ಹಿಡಿದ ಹೆಂಗಸರು ಚಳಿಗೆ ಕಾಲು ಕುಟ್ಟುತ್ತಿದ್ದರು. ಎಡಗಡೆ ಹತ್ತೇ ಮಂದಿ. ಎಲ್ಲರ ಎದೆಯ ಮೇಲೂ ಬಂದೂಕುದಾರರ ಸಂಘದ ಬಿಲ್ಲೆ. ಅವರೆಲ್ಲರ ಮುಂದೆ ಕಂದು ಕೈಚೀಲ.

ಏಳು ಹೊಡೆಯಿತು. ಕಾವಲುಗಾರ ಕಾರ್ಡ್ ನೋಡಿ, "ಬನ್ನಿ ಅಜ್ಜಿ" ಎಂದ. ಚೀಲವನ್ನು ನೋಡಲಿಲ್ಲ.

ಹ್ಯಾಸ್ಕೆಟ್ ತನ್ನ ಕಾರ್ಡ್ ತೋರಿಸಿ ಒಳಗೆ ಬಂದವನೇ ಎರಡೆರಡು ಮೆಟ್ಟಿಲು ಹಾರಿ ಮೂರನೇ ಮಹಡಿ ತಲುಪಿದ. ವಿಚಾರಣಾ ಕೊಠಡಿಯ ಬಾಗಿಲ ಬಳಿ ಓಪಲ್ ನಿಂತಿದ್ದಳು. ಮೊಗಸಾಲೆಯ ಆ ತುದಿಯಿಂದ ಕಲ್ಪೆಪರ್ ಬರುತ್ತಿದ್ದ, ಮುಗುಳ್ನಗುತ್ತಾ, ಕೈಕುಲುಕಲು ಕೈ ಚಾಚಿಕೊಂಡು. ಓಪಲ್ ಚೀಲದ ಕೊಂಡಿ ತೆಗೆದು ಒಳಗೆ ಕೈ ಹಾಕಿದಳು.

"ಮೇಡಂ, ಬೇಡ!"

ಆಕೆ ಪೆನ್ನು ಹೊರತೆಗೆದಳು.

ಬಾಗಿಲ ಪಕ್ಕದ ಮೇಜಿನ ಮೇಲೆ ಒಂದು ಹಾಳೆ ಇತ್ತು. ಮಸೂದೆಯ ಬಗ್ಗೆ ಮಾತಾಡಲು ಐವರಿಗೆ ಮಾತ್ರ ಅವಕಾಶ, ತಲಾ ಮೂರು ನಿಮಿಷ. ಮೊದಲು ಬಂದವರ ಹೆಸರು ಮೊದಲು. ಕಳೆದ ಎರಡು ಅಧಿವೇಶನಗಳಲ್ಲಿ ಬಲಗಡೆ ಸಾಲಿನವರು ಬೂಟು ಹಾಕಿಕೊಂಡು ಮೇಲೆ ಬರುವಷ್ಟರಲ್ಲಿ ಎಡಗಡೆಯಿಂದ ಬಂದವರು ಐದು ಗೆರೆಗಳನ್ನೂ ತುಂಬಿಸಿದ್ದರು. ಓಪಲ್ ಮೊದಲ ಗೆರೆಯ ಮೇಲೆ ದುಂಡಗೆ ತನ್ನ ಹೆಸರು ಬರೆದು, ಪೆನ್ನನ್ನು ಹ್ಯಾಸ್ಕೆಟ್‌ನತ್ತ ಚಾಚಿದಳು.

"ಏದುಸಿರು ಬಿಡ್ತಿದ್ದೀರಲ್ಲ ಮೇಷ್ಟ್ರೇ. ಲಿಫ್ಟೇ ಬೇಗ."

ಒಂಬತ್ತಕ್ಕೆ ಆಕೆ ಮೈಕಿನ ಮುಂದೆ ನಿಂತಳು. ಕಲ್ಪೆಪರ್ ಸತ್ತವನ ತಾಯಿಗೆ ತಕ್ಕ ಮುಖ ಮಾಡಿಕೊಂಡ. ಸಂಘದವರು ತಲೆ ತಗ್ಗಿಸಿದರು. ಓಪಲ್ ತನ್ನ ಹೊಸ ಕಾರ್ಡನ್ನು ಎತ್ತಿ ಹಿಡಿದಳು.

"ನಾನೂ ಇವತ್ತು ಇವರ ಜೊತೆ ಎಡಗಡೆ ಬಾಗಿಲಿಂದ ಬಂದೆ. ಎಷ್ಟು ಸಲೀಸು! ಈ ಮಸೂದೆ ಪಾಸಾದ್ರೆ ಕಾರ್ಡ್ ಇರಲ್ಲ. ಕಾರ್ಡ್ ಇಲ್ದಿದ್ರೆ ಆ ಬಾಗಿಲೂ ಇರಲ್ಲ. ಮುಂದಿನ ಸಲ ಎಲ್ಲರೂ ಬಲಗಡೆ ಸಾಲಲ್ಲೇ ಸಿಗೋಣ. ಬಿಚ್ಚೋಕೆ ಸುಲಭವಾದ ಬೂಟು ಹಾಕ್ಕೊಂಡು ಬನ್ನಿ."

ಸಂಘದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಸಂಘದ ಅಧ್ಯಕ್ಷ ಎದ್ದು ಹೋಗಿ ಕಲ್ಪೆಪರ್‌ನ ಕಿವಿಯಲ್ಲಿ ಏನೋ ಹೇಳಿದ.

ಮಗನ ಬಗ್ಗೆ ಮಾತಾಡಲು ಓಪಲ್‌ಗೆ ಇನ್ನೂ ಎರಡೂವರೆ ನಿಮಿಷ ಉಳಿದಿತ್ತು. ಅದು ಬೇಕಾಗಲಿಲ್ಲ, ಕಲ್ಪೆಪರ್ ಮಸೂದೆಯನ್ನು ಆಗಲೇ ಹಿಂತೆಗೆದುಕೊಂಡಿದ್ದ.