ಟರ್ನಿಪ್ ಮಡಿ

ಬಸಿರು ಕಳೆದುಕೊಂಡು ಆಸ್ಪತ್ರೆಯಿಂದ ಬಂದ ವಾರಿಜಾ ಮೂರು ತಿಂಗಳು ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ. ಅಂದು ಬೆಳಿಗ್ಗೆ ತಾನಾಗಿಯೇ ಹಿತ್ತಲಿಗೆ ಬಂದಳು. ಅವಳ ಗಂಡನಿಗೆ ಹೋದ ಜೀವ ಬಂದಂತಾಯಿತು. ಅವಳ ಮನಸ್ಸು ಹಗುರಾಗಲಿ ಎಂದೇ ಅವನು ಅಲ್ಲಿ ಒಂದು ಮಡಿ ಟರ್ನಿಪ್ ಗೆಡ್ಡೆ ಹಾಕಿದ್ದ. ಸಾಸಿವೆಯಂಥ ಬೀಜ, ಮರಳು ಬೆರೆಸಿ ಬಿತ್ತಬೇಕೆಂದು ಗೊತ್ತಿರದೆ ಸುರಿದಿದ್ದರಿಂದ ಸಸಿಗಳು ಒತ್ತೊತ್ತಾಗಿ ಎದ್ದಿದ್ದವು.

"ಬಾ, ಕೂತ್ಕೋ. ಇವನ್ನ ಕಿತ್ತು ತೆಳುವು ಮಾಡಬೇಕು. ಗೇಣಿಗೆ ಎರಡು ಬಿಟ್ಟರೆ ಸಾಕು."

"ಎಲ್ಲಾ ಚೆನ್ನಾಗೇ ಇದಾವಲ್ಲ?"

"ಈಗ ಹಾಗೇ ಕಾಣುತ್ತೆ. ಆಮೇಲೆ ಜಾಗ ಸಾಲದೆ ಒಂದೂ ಗೆಡ್ಡೆ ಕಟ್ಟಲ್ಲ. ಬಡಕಲು ಸಸಿ ತೆಗೆದರೆ ಗಟ್ಟಿಯಾದದ್ದು ಉಳ್ಕೊಳ್ಳುತ್ತೆ."

ಅವನೇ ಜೋಡಿ ಸಸಿಯೊಂದರಲ್ಲಿ ಸಣ್ಣದನ್ನು ಮೆಲ್ಲಗೆ ಕಿತ್ತು ಅವಳ ಅಂಗೈಯಲ್ಲಿಟ್ಟ. ಬೇರು ದಾರದೆಳೆಯಷ್ಟಿತ್ತು. ಅವಳು ಅದನ್ನು ತುಂಬ ಹೊತ್ತು ನೋಡಿದಳು.

"ಇನ್ನೊಂದು ಖಂಡಿತ ಬದುಕುತ್ತಾ?"

"ನೂರಕ್ಕೆ ನೂರು. ಅಷ್ಟೂ ನಂಬಿಕೆ ಇಲ್ವಾ ನನ್ನ ಮೇಲೆ?" ಎಷ್ಟೋ ದಿನಗಳ ಮೇಲೆ ಅವನು ನಕ್ಕ.

ಅವಳು ಆ ಸಸಿಯನ್ನು ಕಿತ್ತ ಜಾಗದಲ್ಲೇ ಮತ್ತೆ ನಿಲ್ಲಿಸಿ, ಬುಡಕ್ಕೆ ಬೆರಳಿನಿಂದ ಮಣ್ಣು ಒತ್ತಿದಳು. ಆಮೇಲೆ, ತಲೆ ಎತ್ತದೆಯೇ ಹೇಳಿದಳು:

"ಅವಳಿಯಲ್ಲಿ ಒಂದನ್ನ ತೆಗೆಸೋಣ, ಇನ್ನೊಂದು ಉಳಿಯುತ್ತೆ ಅಂತ ನನ್ನ ಹತ್ರ ಸಹಿ ಹಾಕಿಸಿದ ದಿನಾನೂ ನೀವು ನೂರಕ್ಕೆ ನೂರು ಅಂದಿದ್ರಿ."